ಹಳೆಯದನ್ನು ಎಸೆಯಿರಿ ಎಂದವರಿಗೆ

ಸೆಂಟ್‌ಓಎಸ್ 6 ಎಂಬ ಹಳೆಯ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಮೇಲೆ ಹೊಸ ಜಿಸಿಸಿ ಕಂಪೈಲರನ್ನು, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸುವಂತೆ ಮಾಡುವ ಸಾಧನವನ್ನು, ಅದರ ಮೂಲ ಕೋಡಿನಿಂದ ಕಟ್ಟಿಕೊಳ್ಳಬೇಕು, ಎಲ್ಲೋ ಎಡವುತ್ತಿದ್ದೇನೆ ಎಂದು ಗೆಳೆಯರನ್ನು ಕೇಳಿದೆ. ಏಳು ಜನರಲ್ಲಿ ಆರು ಮಂದಿಯ ಉತ್ತರ ಒಂದೇ: "ಅದನ್ನು ಎಸೆದು ಹೊಸದು ಹಾಕಿ." ಏಳನೆಯವನು ನಗುವ ಚಿತ್ರ ಕಳಿಸಿದ. ಇದನ್ನು ಸಲಹೆ ಎಂದು ನಾನು ಒಪ್ಪುವುದಿಲ್ಲ. ಹೆಂಚು ಜಾರಿದೆ ಎಂದವನಿಗೆ ಮನೆಯನ್ನೇ ಕೆಡವು ಎಂದ ಹಾಗಾಯಿತು.

ಆ ಕಂಪ್ಯೂಟರ್ ಇರುವುದು ಕೊಡಗಿನ ಗೋಣಿಕೊಪ್ಪಲಿನ ಹತ್ತಿರದ ಒಂದು ಕಾಫಿ ಗೋದಾಮಿನ ವೇಬ್ರಿಡ್ಜ್ ಕೊಠಡಿಯಲ್ಲಿ. ಲಾರಿಯ ತೂಕವನ್ನು ಓದಿಕೊಡುವ ಕಾರ್ಡಿನ ಡ್ರೈವರ್ ಆ ಸಿಸ್ಟಂನ ತಿರುಳಾದ 2.6.32 ಕರ್ನಲ್‌ಗೆ ಮಾತ್ರ ಹೊಂದುತ್ತದೆ. ಅದನ್ನು ಬರೆದುಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೆ ತೂಕ ಇಂದಿಗೂ ಕರಾರುವಾಕ್ಕು. ಹೊಸ ಬಿಲ್ಲಿಂಗ್ ಪ್ರೋಗ್ರಾಂ ಮಾತ್ರ ಸಿ++ ಭಾಷೆಯ 2017ರ ರೂಪವಾದ ಸಿ++17 ಕೇಳುತ್ತದೆ, ಅಲ್ಲಿರುವುದು ಅದನ್ನರಿಯದ ಹಳೆಯ ಜಿಸಿಸಿ 4.4.7. ಸೆಂಟ್‌ಓಎಸ್ 6ಕ್ಕೆ ಭದ್ರತಾ ತೇಪೆಗಳು ಬರುವುದು 2020ರ ನವೆಂಬರ್ 30ಕ್ಕೇ ನಿಂತಿರುವುದರಿಂದ ಆ ಯಂತ್ರಕ್ಕೆ ಇಂಟರ್ನೆಟ್ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅಷ್ಟರ ಮಟ್ಟಿಗೆ ಆ ಆರು ಮಂದಿಯ ಭಯ ಸರಿ. ಹಾಗಾಗಿ ಎಲ್ಲವೂ ಪೆನ್‌ಡ್ರೈವ್‌ನಲ್ಲೇ ಹೋಗಬೇಕಿತ್ತು. ಜುಲೈ ತಿಂಗಳು, ಕೊಯ್ಲಿಲ್ಲ, ಲಾರಿ ಇಲ್ಲ. ಕೆಲಸಕ್ಕೆ ಒಳ್ಳೆಯ ಸಮಯ ಎಂದುಕೊಂಡೆ.

ಮೊದಲ ತಪ್ಪು ನನ್ನ ದುರಾಸೆ. ಜಿಸಿಸಿ 12ಕ್ಕೇ ಕೈ ಹಾಕಿದೆ. 11ರಿಂದ ಮುಂದಿನ ಜಿಸಿಸಿ ಕಟ್ಟಲು ಕನಿಷ್ಠ ಸಿ++11 ಬಲ್ಲ ಕಂಪೈಲರ್ ಮೊದಲೇ ಇರಬೇಕು. 4.4.7ಕ್ಕೆ ಅದರಲ್ಲಿ ಅರ್ಧವೂ ಗೊತ್ತಿಲ್ಲ. ಕಟ್ಟುವ ಮೊದಲು ಯಂತ್ರವನ್ನು ಪರೀಕ್ಷಿಸುವ ಕಾನ್ಫಿಗರ್ ಬಾಗಿಲಲ್ಲೇ ತಡೆಯಿತು. 10ರವರೆಗಿನ ಆವೃತ್ತಿಗಳಿಗೆ ಸಿ++98 ಸಾಕು, ಸಿ++17 ಕೂಡ 10ರಲ್ಲೇ ಸಿಗುತ್ತದೆ. ಇದೆಲ್ಲ ಜಿಸಿಸಿಯ ಸ್ವಂತ ಅನುಸ್ಥಾಪನೆ ಕೈಪಿಡಿಯಲ್ಲೇ ಇದೆ. ಓದಲಿಲ್ಲ, ಅಷ್ಟೆ. 10.5 ತಂದೆ. ಅದಕ್ಕೆ ಬೇಕಾದ ಗಣಿತದ ಲೈಬ್ರರಿಗಳಾದ ಜಿಎಂಪಿ, ಎಂಪಿಎಫ್ಆರ್, ಎಂಪಿಸಿ ಮೂರನ್ನೂ ಬಿಚ್ಚಿ ಮೂಲದ ಫೋಲ್ಡರಿನೊಳಗೆ ಆವೃತ್ತಿ ಸಂಖ್ಯೆಯಿಲ್ಲದ ಹೆಸರಿನಲ್ಲಿಟ್ಟೆ. ಕಟ್ಟಲು ಹೊರಗೆ ಬೇರೆ ಫೋಲ್ಡರ್ ಮಾಡಿದೆ. 32 ಬಿಟ್‌ನ ತಂಟೆ ಬೇಡವೆಂದು 32, 64 ಎರಡಕ್ಕೂ ಕಟ್ಟುವ ಮಲ್ಟಿಲಿಬ್ ಆಯ್ಕೆಯನ್ನು ನಿಲ್ಲಿಸಿದೆ. ಹಳೆಯ ಕಂಪೈಲರಿನ ತಂಟೆಗೆ ಹೋಗದಂತೆ ಹೊಸದಕ್ಕೆ ಆಪ್ಟ್ ಎಂಬ ಬೇರೆ ಫೋಲ್ಡರಿನ ದಾರಿ ತೋರಿಸಿದೆ.

ಮೊದಲ ರಾತ್ರಿ ನಾಲ್ಕು ಕೆಲಸ ಒಟ್ಟಿಗೆ ನಡೆಸಲು ಹೇಳಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸಿ++ ಕಂಪೈಲ್ ಮಾಡುವ ಭಾಗವಾದ ಸಿಸಿ1ಪ್ಲಸ್ "ಕಿಲ್ಡ್". ಇರುವುದು 2 ಜಿಬಿ ರ್‍ಯಾಮ್, ಅದು ಸಾಲದೆ ಕರ್ನಲ್ಲೇ ಕತ್ತು ಹಿಸುಕಿತ್ತು. ಡಿಸ್ಕಿನಲ್ಲಿ 4 ಜಿಬಿ ಸ್ವಾಪ್ (ನೆನಪಿಗೆ ಹೆಚ್ಚುವರಿ ಜಾಗ) ಕೊಟ್ಟು ಒಂದೊಂದೇ ಕೆಲಸಕ್ಕಿಳಿಸಿದೆ. ಜಿಸಿಸಿ ತನ್ನನ್ನು ತಾನೇ ಮೂರು ಸುತ್ತು ಕಟ್ಟಿಕೊಳ್ಳುತ್ತದೆ. ಮೊದಲು ಹಳೆಯ ಕಂಪೈಲರಿನಿಂದ, ಆಮೇಲೆ ಹಾಗೆ ಹುಟ್ಟಿದ್ದರಿಂದ, ಮತ್ತೆ ಅದರಿಂದ ಇನ್ನೊಮ್ಮೆ. ಎರಡನೆಯ ಮತ್ತು ಮೂರನೆಯ ಸುತ್ತಿನ ಫಲ ಒಂದೇ ಇದೆಯೇ ಎಂದು ಹೋಲಿಸಿ ನೋಡುತ್ತದೆ. ಅಂತಹ ಯಂತ್ರದಲ್ಲಿ ಇದು ರಾತ್ರಿ ಮುಗಿದರೂ ಮುಗಿಯದ ಕೆಲಸ.

ಎರಡನೆಯ ರಾತ್ರಿ ಸಿಲ್ವರ್ ಓಕ್ ಒಂದು ತಂತಿಯ ಮೇಲೆ ಬಿತ್ತು. ಯುಪಿಎಸ್ ಇಪ್ಪತ್ತು ನಿಮಿಷ ಎಳೆಯಿತು, ಆಮೇಲೆ ಕತ್ತಲೆ. ಕರೆಂಟು ಬಂದ ಮೇಲೆ ಕಟ್ಟುವ ಕೆಲಸ ನಡೆಸುವ ಮೇಕ್ ಆಜ್ಞೆಯನ್ನು ಮತ್ತೆ ಕೊಟ್ಟೆ. ಒಂದು ಆಬ್ಜೆಕ್ಟ್ ಫೈಲ್ (ಕಂಪೈಲಾದ ತುಣುಕು) ತುಂಡಾಗಿದೆ ಎಂದು ದೂರಿತು. ಹುಡುಕಿದರೆ ಸೊನ್ನೆ ಬೈಟಿನ ಫೈಲುಗಳು ಒಂಬತ್ತು. ಡಿಸ್ಕಿಗೆ ಇಳಿಯುವ ಮೊದಲೇ ಕರೆಂಟು ಹೋಗಿತ್ತು. ಅಳಿಸಿದೆ, ಮುಂದೆ ಸಾಗಿತು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಪರದೆಯ ಕೊನೆಯ ಸಾಲಿನಲ್ಲಿ "ಎರರ್ 2". ಅದನ್ನು ಹಿಡಿದುಕೊಂಡು ಎರಡು ದಿನ ಅಲೆದೆ. ಸಿಸ್ಟಂನ ಮೂಲ ಸಿ ಲೈಬ್ರರಿಯಾದ ಹಳೆಯ ಗ್ಲಿಬ್ಸಿಯನ್ನು ಬೈದೆ, ಆಯ್ಕೆಗಳನ್ನು ಬದಲಿಸಿದೆ, ಎಲ್ಲ ಅಳಿಸಿ ಮೊದಲಿನಿಂದ ಹೊರಟೆ. ಆ ಆರು ಮಂದಿ ಹೇಳಿದ್ದೇ ಸರಿಯೇನೋ ಎಂದು ಕೂಡ ಅನ್ನಿಸಿತು. ಮೇಕ್ ಕೊಡುವ "ಎರರ್ 2" ಎಂದರೆ ಒಳಗೆಲ್ಲೋ ಕೆಟ್ಟಿದೆ ಎಂದಷ್ಟೇ. ಏನು ಕೆಟ್ಟಿದೆ ಎಂಬುದು ನೂರಾರು ಸಾಲು ಮೇಲಿರುತ್ತದೆ. ಐದನೆಯ ದಿನ ಪರದೆಯಲ್ಲಿ ಮೇಲಕ್ಕೆ ಹತ್ತಿ ನೋಡಿದೆ. ಹೊಸದಾಗಿ ಮಾಡಿದ ಫೈಲು ಮೂಲದ ಫೈಲಿಗಿಂತ ಹಳೆಯದಾಗಿದೆ, ನಿಮ್ಮ ಗಡಿಯಾರ ನೋಡಿಕೊಳ್ಳಿ ಎಂದು ಅದು ಸ್ಪಷ್ಟವಾಗಿ ಹೇಳಿತ್ತು.

ತಾರೀಖು ನೋಡಿದರೆ 2009ರ ಜನವರಿ 1. ಮೂಲದ ಫೈಲುಗಳು 2023ರವು. ತಾನು ಈಗಷ್ಟೇ ಮಾಡಿದ್ದು ಹದಿನಾಲ್ಕು ವರ್ಷ ಹಿಂದಿನದ್ದು ಎಂದರೆ ಯಾವ ಮೇಕ್ ತಾನೇ ನಂಬುತ್ತದೆ? ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತಿತ್ತು. ಕರೆಂಟಿಲ್ಲದಾಗ ಗಡಿಯಾರ ನಡೆಸುವುದು ಅದೇ. ಇಂಟರ್ನೆಟ್ ಇಲ್ಲದ ಕಾರಣ ಸಮಯ ತಿದ್ದುವವರೂ ಇಲ್ಲ.

ಗೋದಾಮಿನ ಲೆಕ್ಕ ಬರೆಯುವ ರೈಟರನ್ನು ಕೇಳಿದೆ, "ಆನ್ ಮಾಡುವಾಗ ಏನಾದರೂ ತೋರಿಸುತ್ತದೆಯೇ?"

"ಎಫ್1 ಒತ್ತಿ ಎನ್ನುತ್ತದೆ ಸಾರ್, ಒತ್ತುತ್ತೇನೆ. ಮೂರು ವರ್ಷದಿಂದ ಹಾಗೆಯೇ."

"ತಾರೀಖು?"

"ಬಿಲ್ ಮಾಡುವ ಕಾಲದಲ್ಲಿ ನಾನೇ ಸರಿ ಮಾಡುತ್ತೇನೆ. ಈಗ ಬಿಲ್ ಇಲ್ಲವಲ್ಲ."

ನನ್ನ ಐದು ದಿನದ ಉತ್ತರ ಮೇಜಿನ ಆಚೆ ಬದಿಯಲ್ಲೇ ಕುಳಿತಿತ್ತು. ಪುಣ್ಯಾತ್ಮರು ದಿನವೂ ಬೆಳಿಗ್ಗೆ ಮಳೆ ಅಳೆದು ತಾರೀಖಿನ ಮುಂದೆ ಇಂಚು ಬರೆಯುವವರು. ತಾರೀಖಿನ ವಿಷಯದಲ್ಲಿ ಆ ಊರಿನಲ್ಲಿ ಅವರಿಗಿಂತ ನಿಖರ ಮನುಷ್ಯ ಇನ್ನೊಬ್ಬರಿಲ್ಲ.

ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ ಸಿಆರ್2032 ಸೆಲ್ ಸಿಕ್ಕಿತು. ಗಡಿಯಾರ ಸರಿಮಾಡಿ, ಖಾಲಿ ಫೋಲ್ಡರಿನಿಂದ ಮತ್ತೆ ಹೊರಟು, ಎರಡು ರಾತ್ರಿ ಒಂದು ಹಗಲಿಗೆ ಕಂಪೈಲರ್ ಎದ್ದು ನಿಂತಿತು. ಬಿಲ್ಲಿಂಗ್ ಪ್ರೋಗ್ರಾಂ ಓಡುವಾಗ ಹಳೆಯ ಸಿ++ ಲೈಬ್ರರಿಯನ್ನೇ ಎತ್ತಿಕೊಂಡು ಒಮ್ಮೆ ಗೊಣಗಿತು. ಹೊಸದನ್ನು ಪ್ರೋಗ್ರಾಮಿನೊಳಗೇ ಸೇರಿಸಿ ಕಟ್ಟಿದ ಮೇಲೆ ಸುಮ್ಮನಾಯಿತು. ಎಸೆಯಬೇಕಾಗಿದ್ದದ್ದು ಆ ಸೆಲ್ ಒಂದನ್ನೇ.

ಹೊರಡುವಾಗ ರೈಟರು ಮಳೆಯ ಪುಸ್ತಕ ತೆರೆದಿದ್ದರು. ಆ ದಿನದ ಸಾಲಿನಲ್ಲಿ 3.40 ಇಂಚು, ಪಕ್ಕದಲ್ಲಿ ಅದೇ ಶಾಯಿಯಲ್ಲಿ: ಕಂಪ್ಯೂಟರಿಗೆ ಹೊಸ ಸೆಲ್ ಹಾಕಿದೆ.