ಚೆರ್ಕಳಕ್ಕೆ ಹೋಗಲು ಹಿಮಾಲಯನ್

ಅಡ್ವೆಂಚರ್ ಬೈಕಿನ ಜಾಹೀರಾತುಗಳಲ್ಲಿ ರಸ್ತೆಯೇ ಇರುವುದಿಲ್ಲ, ಗಮನಿಸಿದ್ದೀರಾ? ಕಲ್ಲು, ಧೂಳು, ಮೊಣಕಾಲು ಮುಳುಗುವಷ್ಟು ನೀರು. ನಡುವೆ ಒಬ್ಬನೇ ಒಬ್ಬ ಮನುಷ್ಯ. ಹಿಂದೆ ಹೆಂಡತಿ ಇಲ್ಲ, ಟ್ಯಾಂಕಿನ ಮೇಲೆ ಮಗು ಇಲ್ಲ, ಹ್ಯಾಂಡಲಿನಲ್ಲಿ ಮೀನಿನ ತೊಟ್ಟೆ ಇಲ್ಲ. ಇಂಥ ಜಾಗ ಹುಡುಕಿಕೊಂಡು ಪಾಪ ಅವನು ಲಡಾಖಿಗೋ ಸ್ಪಿತಿಗೋ ಹೋಗಿರುತ್ತಾನೆ. ಯಾರಾದರೂ ಹೇಳಬಾರದಿತ್ತಾ? ಅಷ್ಟು ದೂರ ಯಾಕೆ ಮಾರಾಯ, ಜುಲೈಯಲ್ಲಿ ಕೇರಳದ ಕಾಸರಗೋಡಿನಿಂದ ಕರ್ನಾಟಕಕ್ಕೆ ಹೋಗುವ ನಮ್ಮ ಚೆರ್ಕಳ-ಕಲ್ಲಡ್ಕ ರಸ್ತೆಗೆ ಬಾ. ಕಲ್ಲೂ ಉಂಟು, ನೀರೂ ಉಂಟು, ಎದುರಿನಿಂದ ಟಿಪ್ಪರೂ ಉಂಟು.

ಮೊನ್ನೆ ಆ ರಸ್ತೆಯ ಹೊಂಡಗಳು ಮತ್ತೆ ಪೇಪರಿನಲ್ಲಿ ಬಂದವು. ಹೊಂಡ ಹಳೆಯದು, ಸುದ್ದಿ ಹೊಸದು. ಮನವಿ, ಪ್ರತಿಭಟನೆ, ಭರವಸೆ ಎಲ್ಲ ನಿಮಗೆ ಗೊತ್ತೇ ಇದೆ. ಅದೇ ಪೇಪರಿನ ಒಳಪುಟದಲ್ಲಿ ಬೈಕ್ ಸಾಲದ ಜಾಹೀರಾತೂ ಇತ್ತು. ಎರಡನ್ನೂ ಕೂಡಿಸಿ ಓದಿದ್ದು ನನ್ನ ಭಾವ. ಓದಿದ್ದೇ, ಸ್ಪ್ಲೆಂಡರ್ ಮಾರಿ ರಾಯಲ್ ಎನ್‌ಫೀಲ್ಡಿನ ಅಡ್ವೆಂಚರ್ ಬೈಕ್ ಹಿಮಾಲಯನ್ ತಂದರು.

ಸ್ಪ್ಲೆಂಡರ್ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋದರೆ ಪಾಪ ಬರುತ್ತದೆ. 1994ರಲ್ಲಿ ಮಾರುಕಟ್ಟೆಗೆ ಬಂದ ಬೈಕ್. 97.2 ಸಿಸಿ ಎಂಜಿನ್, ಸುಮಾರು 8 ಕುದುರೆಗಳ ಬಲ. ಆ ಎಂಟು ಕುದುರೆಗಳು ಯಾವ ಹುಲ್ಲು ಮೇಯುತ್ತಿದ್ದವೋ, ಭಾವನ ಇಡೀ ಸಂಸಾರ ಎಳೆದವು. ಅಡಿಕೆ ಗೋಣಿ, ಗ್ಯಾಸ್ ಸಿಲಿಂಡರ್, ಮದ್ದು ಬಿಡಲು ಮೈಲುತುತ್ತು ಮತ್ತು ಸುಣ್ಣ, ತಂತಿಬೇಲಿಯ ಸುರುಳಿ, ಮದುವೆಗೆ ಹೊರಟ ಅಕ್ಕ, ಅಕ್ಕನ ಮಡಿಲಲ್ಲಿ ಉಡುಗೊರೆಯ ಕುಕ್ಕರ್. ಲೀಟರಿಗೆ 60 ಕಿಲೋಮೀಟರಿಗಿಂತ ಕಡಿಮೆ ಕೊಟ್ಟರೆ ಮೆಕ್ಯಾನಿಕ್ಕಿಗೇ ಬೇಜಾರು. ಪೆಟ್ರೋಲ್ ಮುಗಿದು ನಿಂತರೆ ಕೈ ಕೆಳಗೆ ಹಾಕಿ ರಿಸರ್ವಿಗೆ ತಿರುಗಿಸಿದರಾಯಿತು, ಮನೆ ಮುಟ್ಟಿಸುತ್ತಿತ್ತು. ಬಿದ್ದರೆ ಎತ್ತಲು ಒಬ್ಬ ಸಾಕು. ಹಾಳಾದರೆ ಪೆರ್ಲದಲ್ಲೂ ರಿಪೇರಿ, ಬದಿಯಡ್ಕದಲ್ಲೂ ರಿಪೇರಿ, ಯಾರೂ ಇಲ್ಲದಿದ್ದರೆ ಪಂಪ್‌ಸೆಟ್ ರಿಪೇರಿಯವನೂ ಒಂದು ಕೈ ನೋಡುತ್ತಿದ್ದ. ಅದಕ್ಕೆ ಒಂದೇ ಒಂದು ದೋಷ. ರಸ್ತೆ ಎಂಬುದೊಂದು ಇರುತ್ತದೆ ಎಂದು ನಂಬಿ ಅದನ್ನು ತಯಾರು ಮಾಡಿದ್ದರು.

ಈಗ ಬಂದದ್ದು 452 ಸಿಸಿ. 40 ಕುದುರೆಗಳು. ತೂಕ 196 ಕಿಲೋ. 17 ಲೀಟರಿನ ಟ್ಯಾಂಕ್. ಸೀಟು ನೆಲದಿಂದ 825 ಮಿಲಿಮೀಟರ್ ಎತ್ತರ, ಅದೂ ಸವಾರನ ಸೀಟು. ಹಿಂದಿನದು ಇನ್ನೂ ಮೇಲೆ. ಅಕ್ಕ ಮೊದಲ ದಿನ ಸೆರಗು ಸಿಕ್ಕಿಸಿಕೊಂಡು ಬಂದವಳು ಒಮ್ಮೆ ಬೈಕ್ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. "ಏಣಿ ಎಲ್ಲಿ?" ಅಂದಳು. ಏಣಿ ಮನೆಯಲ್ಲಿ ಉಂಟು, ಆದರೆ ಅದು ಕರಿಮೆಣಸು ಕೊಯ್ಯಲಿಕ್ಕೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಅಂತ ಒಂದಿದೆ. ಹಿಂದೆ ಕೂತವರಿಗೆ ಹಿಡಿಕೆ ಬೇಕು, ಕಾಲಿಡಲು ಜಾಗ ಬೇಕು, ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ತಡೆ ಬೇಕು ಎನ್ನುತ್ತದೆ. ಒಳ್ಳೆಯ ನಿಯಮ. ಕೂತ ಮೇಲಿನ ಚಿಂತೆಯೆಲ್ಲ ಸರಕಾರ ಮಾಡಿದೆ. ಹತ್ತುವ ಚಿಂತೆ ಅಕ್ಕನಿಗೆ ಬಿಟ್ಟಿದೆ.

ಅಕ್ಕ ಈಗ ಬಸ್ಸಿನಲ್ಲಿ ಹೋಗುತ್ತಾಳೆ. ಪಕ್ಕಕ್ಕೆ ತೂಗುಹಾಕಿದ ಪೆಟ್ಟಿಗೆಗಳಲ್ಲಿ ಬಸಳೆ ಕಟ್ಟು ಹೋಗುತ್ತದೆ.

"ಭಾವ, ನಮ್ಮ ಊರಿಗೆ ಇದು ಎಂತಕ್ಕೆ? ಪೊಸಡಿಗುಂಪೆ ಗುಡ್ಡ ಹತ್ತಲಿಕ್ಕಾ?" ಎಂದು ಕೇಳಿದೆ.

"ಗುಂಪೆ ಹತ್ತಲಿಕ್ಕೆ ಕಾಲು ಉಂಟು. ಇದು ಚೆರ್ಕಳಕ್ಕೆ. ಬೆನ್ನಿಗೆ ಡಾಕ್ಟ್ರು ಬೆಲ್ಟು ಕೊಟ್ಟಿದ್ದಾರೆ ಮಾರಾಯ. ಬೆಲ್ಟಿಗಿಂತ ಸಸ್ಪೆನ್ಷನ್ ಒಳ್ಳೆದು."

ನಗಬೇಡಿ. ಅವರ ಲೆಕ್ಕ ಸರಿಯಾಗಿಯೇ ಇದೆ. ಈ ಬೈಕಿನ ಸಸ್ಪೆನ್ಷನ್ ಹಿಂದೆ ಮುಂದೆ ಎರಡೂ ಕಡೆ 200 ಮಿಲಿಮೀಟರ್ ಕುಗ್ಗಿ ಏಳುತ್ತದೆ. ಲೋಕೋಪಯೋಗಿ ಇಲಾಖೆ ಮಾಡಬೇಕಾದ ಕೆಲಸವನ್ನು ಅದು ಚಕ್ರದ ಪಕ್ಕದಲ್ಲಿ ಕೂತು ಸದ್ದಿಲ್ಲದೆ ಮಾಡುತ್ತದೆ. ಟೆಂಡರ್ ಇಲ್ಲ, ಉದ್ಘಾಟನೆ ಇಲ್ಲ, ಫ್ಲೆಕ್ಸ್ ಇಲ್ಲ. ರಸ್ತೆ ಸರಿಯಾಗುವುದನ್ನು ಕಾಯುವ ಬದಲು ಪ್ರಜೆಯೇ ಸರಿಯಾಗಿಬಿಟ್ಟರೆ ಎಷ್ಟು ಅನುಕೂಲ ಅಲ್ವಾ?

ಹಿಮಾಲಯದ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಲಡಾಖಿನಲ್ಲಿ ಉಮ್ಲಿಂಗ್ ಲಾ ಎಂಬ ಕಣಿವೆ ದಾರಿ ಇದೆ. ಎತ್ತರ 19,024 ಅಡಿ. ಉಸಿರಾಡಲು ಗಾಳಿಯೂ ಸಾಲದ ಜಾಗ. ಅಲ್ಲಿಗೆ ಗಡಿ ರಸ್ತೆ ಸಂಸ್ಥೆಯವರು ಡಾಮರು ಹಾಕಿದ್ದಾರೆ. ಸುಮ್ನೆ ಅಲ್ಲ, 2021ರಲ್ಲಿ ಗಿನ್ನೆಸ್ ದಾಖಲೆಯ ಪ್ರಮಾಣಪತ್ರವೂ ಬಂತು. ಅಂದರೆ ಹಿಮಾಲಯದ ನೆತ್ತಿಗೆ ಬೇಕಾದರೆ ಸ್ಪ್ಲೆಂಡರಿನಲ್ಲೂ ಹೋಗಬಹುದು. ಹಿಮಾಲಯನ್ ಬೇಕಾದ್ದು ಬದಿಯಡ್ಕಕ್ಕೆ.

ನಮ್ಮಲ್ಲಿ ಡಾಮರು ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದರೆ ಮಳೆ ಎನ್ನುತ್ತಾರೆ. ಹೌದು, ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಮೊನ್ನೆ ಶುರುವಾದದ್ದಲ್ಲ, ನಮ್ಮ ಅಜ್ಜಂದಿರ ಕಾಲದಲ್ಲೂ ಬೀಳುತ್ತಿತ್ತು. ಆದರೆ ಪ್ರತಿ ಜೂನ್‌ನಲ್ಲೂ ಅದು ಇಲಾಖೆಗೆ ಹೊಸ ಸುದ್ದಿ. ಚರಂಡಿ ಇಲ್ಲದ ರಸ್ತೆಯ ಮೇಲೆ ನೀರು ಹರಿಯುತ್ತದೆ, ಡಾಮರಿನಡಿಗೆ ಇಳಿದ ನೀರು ಜಲ್ಲಿಯನ್ನು ಸಡಿಲ ಮಾಡುತ್ತದೆ, ಅದರ ಮೇಲೆ ಕೆಂಪುಕಲ್ಲಿನ ಲಾರಿ ಹೋದರೆ ಮತ್ತೆ ಎಂತ ಉಳಿಯುತ್ತದೆ? ಇದು ತೋಟಕ್ಕೆ ಕಣಿ ತೆಗೆಯುವವರಿಗೂ ಗೊತ್ತಿರುವ ವಿಷಯ. ಅವರನ್ನು ಯಾರೂ ಇಂಜಿನಿಯರ್ ಮಾಡುವುದಿಲ್ಲ.

ತೆರಿಗೆಯ ಕತೆ ಇನ್ನೂ ಚೆನ್ನಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ 40. ಸರಕಾರದ ಪ್ರಕಾರ ಅದು ಶೋಕಿ, ಕೋಲಾ ಬಾಟಲಿ ಕೂತಿರುವ ಸಾಲಿನಲ್ಲೇ ಕೂರಬೇಕಾದ ವಸ್ತು. ಬೆನ್ನು ಉಳಿಸಿಕೊಳ್ಳುವುದೂ ಒಂದು ಶೋಕಿಯೇ ಬಿಡಿ. ಅದರ ಮೇಲೆ ಕೇರಳದ ರಸ್ತೆ ತೆರಿಗೆ. ರಸ್ತೆಗಲ್ಲ, ತೆರಿಗೆಗೆ ಮಾತ್ರ ರಸ್ತೆಯ ಹೆಸರು. ಪೆಟ್ರೋಲಿಗೆ 2023ರ ಏಪ್ರಿಲಿನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ. ಹಾಗಾಗಿ ಗಡಿಯ ಈಚೆ ಇರುವವರೆಲ್ಲ ಕರ್ನಾಟಕದ ಬಂಕಿಗೆ ಹೋಗಿ ತುಂಬಿಸುತ್ತಾರೆ. ಭಾವನೂ ಹೋಗುತ್ತಾರೆ. ಲೀಟರಿಗೆ ಉಳಿದ ನಾಲ್ಕಾರು ರೂಪಾಯಿಯ ಆನಂದ ಮುಖದಲ್ಲಿ ಕಾಣುತ್ತದೆ. ಮೈಲೇಜ್ ಅರ್ಧಕ್ಕೆ ಇಳಿದದ್ದನ್ನು ಅವರಿಗೆ ನೆನಪಿಸುವ ಧೈರ್ಯ ನನಗಿಲ್ಲ.

ಬೈಕಿನಲ್ಲಿ ಗುಂಡನೆಯ ಪರದೆಯೂ ಉಂಟು, ಅದರಲ್ಲಿ ಮ್ಯಾಪ್ ಬರುತ್ತದೆ. ಹೆದ್ದಾರಿ ಕೆಲಸದ ಪುಣ್ಯದಿಂದ ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ. ಮ್ಯಾಪ್ ಎಡಕ್ಕೆ ಹೋಗು ಎನ್ನುತ್ತದೆ, ಎಡಕ್ಕೆ ಗುಂಡಿ. ಅಲ್ಲಿ ಬೋರ್ಡು ಇರುತ್ತದೆ, ಇಲ್ಲವೆಂದಲ್ಲ. ಮಲಯಾಳದಲ್ಲಿ ಮಾತ್ರ ಇರುತ್ತದೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂಬ ಮಾತು ಸರಕಾರಿ ಆದೇಶಗಳಲ್ಲಿ ಉಂಟು. ಗುಂಡಿಗೆ ಆ ಆದೇಶ ತಲುಪಿಲ್ಲ. ಅದು ಎಲ್ಲ ಭಾಷೆಯವರನ್ನೂ ಒಂದೇ ರೀತಿ ಬೀಳಿಸುತ್ತದೆ.

ಇದೇ ರಸ್ತೆಯಲ್ಲಿ ಉಕ್ಕಿನಡ್ಕ ಬರುತ್ತದೆ, ಕಾಸರಗೋಡಿನ ಸರಕಾರಿ ಮೆಡಿಕಲ್ ಕಾಲೇಜು ಇರುವ ಜಾಗ. ಶಂಕುಸ್ಥಾಪನೆ 2013ರ ನವೆಂಬರಿನಲ್ಲಿ. ಮೊದಲ ಎಂಬಿಬಿಎಸ್ ತಂಡ ಸೇರಿದ್ದು 2025ರಲ್ಲಿ. ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿಸಿಕೊಂಡ ಊರುಗಳು ಅಲ್ಲೇ ಸುತ್ತಮುತ್ತ ಇವೆ. ಆ ಮನೆಗಳ ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಪ್ರತಿ ಹೊಂಡದಲ್ಲೂ ಜೀಪು ಹಾರುತ್ತದೆ. ದೊಡ್ಡ ಕಾಯಿಲೆ ಬಂದರೆ ಇವತ್ತಿಗೂ ಮಂಗಳೂರೇ ಗತಿ. ಈಚೆಯ ಕೇರಳದವರು ರಸ್ತೆಗೆ ಡಾಮರು ಹಾಕುವುದಿಲ್ಲ. ಆಚೆಯ ಕರ್ನಾಟಕದವರು 2020ರ ಮಾರ್ಚಿನಲ್ಲಿ ಕೊರೋನಾ ಎಂದು ಗಡಿ ರಸ್ತೆಗಳ ಮೇಲೆ ಮಣ್ಣೇ ಸುರಿದರು. ಆಂಬುಲೆನ್ಸ್ ಬಿಡದೆ ಜನ ಸತ್ತರು. ಅದಕ್ಕೆ ಯಾವ ಬೈಕ್ ತಗೊಳ್ಳಬೇಕಿತ್ತು? ಹೊಂಡಕ್ಕೆ ಬಿದ್ದು ಸತ್ತವರ ಮನೆಗೆ 6 ಲಕ್ಷ ಕೊಡಬೇಕು ಎಂದು 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಕೋರ್ಟು ಹೇಳಬೇಕಾಯಿತು, ನೋಡಿ. ಗುಂಡಿ ಮುಚ್ಚಿ ಎನ್ನುವುದಕ್ಕೂ ಒಬ್ಬ ಜಡ್ಜ್ ಬೇಕು. ಹೇಳಿ ಹೇಳಿ ಸಾಕಾಗಿದೆ. ನಾವು ಕೇಳುತ್ತಿರುವುದು ಮೆಟ್ರೋ ಅಲ್ಲ, ಬುಲೆಟ್ ಟ್ರೈನ್ ಅಲ್ಲ. ಒಂದು ಚರಂಡಿ, ಅದರ ಪಕ್ಕ ಸ್ವಲ್ಪ ಡಾಮರು.

ಇರಲಿ. ಬೈದು ಆಗುವ ಕೆಲಸವಲ್ಲ, ಯೋಜನೆ ಕೊಡೋಣ. ರಸ್ತೆ ದುರಸ್ತಿಯನ್ನು ಪೂರ್ತಿ ನಿಲ್ಲಿಸಿ. ಆ ಹಣದಲ್ಲಿ ಮನೆಗೊಂದು ಅಡ್ವೆಂಚರ್ ಬೈಕಿಗೆ ಸಬ್ಸಿಡಿ ಕೊಡಿ. ಎಪಿಎಲ್‌ನವರಿಗೆ ಮುಂದಿನ ಸಸ್ಪೆನ್ಷನ್ ಮಾತ್ರ, ಬಿಪಿಎಲ್‌ನವರಿಗೆ ಹಿಂದಿನದೂ ಸೇರಿ. ಅರವತ್ತು ದಾಟಿದವರಿಗೆ ಬೆನ್ನಿನ ಬೆಲ್ಟು ಉಚಿತ, ಸೀರೆ ಉಡುವವರಿಗೆ ಪಂಚಾಯತಿನಿಂದ ಏಣಿ. ಅರ್ಜಿ ಅಕ್ಷಯ ಕೇಂದ್ರದಲ್ಲಿ, ಮಲಯಾಳದಲ್ಲಿ. ಜೊತೆಗೆ ಆಧಾರ್, ರೇಶನ್ ಕಾರ್ಡ್, ಭೂತೆರಿಗೆ ಕಟ್ಟಿದ ರಸೀದಿ, ಮತ್ತು ಅರ್ಜಿದಾರ ದಿನಾ ಬೀಳುವ ಹೊಂಡದ ಎರಡು ಪಾಸ್‌ಪೋರ್ಟ್ ಸೈಜಿನ ಫೋಟೊ. ವಿಲೇಜ್ ಆಫೀಸರ್ ಸಹಿ ಹಾಕಿರಬೇಕು.