ಬಾಂಬ್ ದೊಡ್ಡದು ಮಾಡಬೇಡಿ ಸ್ವಾಮಿ, ಕೈಗವಸು ಕೆಡಿಸಿ

ಬೆಳಗ್ಗೆಯಿಂದ ಟೈಮ್‌ಲೈನ್ ತುಂಬ ಒಂದೇ ಟೀಸರ್. ಹೆಸರು ಹೇಳಲ್ಲ, ಹೇಳಿದ್ರೆ ಅಭಿಮಾನಿಗಳು ಇನ್‌ಬಾಕ್ಸ್‌ಗೆ ಬಂದು ಪೂಜೆ ಮಾಡ್ತಾರೆ. ಒಂದು ಗೂಢಚಾರಿ ಸಿನಿಮಾದ ಮುಂದಿನ ಭಾಗ. ಎರಡು ನಿಮಿಷಕ್ಕೂ ಕಮ್ಮಿ ಇರೋ ಟೀಸರ್‌ನಲ್ಲಿ ಹನ್ನೊಂದು ಸ್ಫೋಟ. (ಎಣಿಸಿದೆ. ಈ ಚಟ ನಿಮಗೆ ಹೊಸದಲ್ಲ.) ಕೆಳಗೆ ಕಾಮೆಂಟ್‌ಗಳಲ್ಲಿ ಎಲ್ಲರದ್ದೂ ಒಂದೇ ಭಜನೆ: "ಮೊದಲನೇದಕ್ಕಿಂತ ಹತ್ತು ಪಟ್ಟು ದೊಡ್ಡದು ಗುರೂ, ಥ್ರಿಲ್ ಗ್ಯಾರಂಟಿ."

ದೊಡ್ಡದಾದ್ರೆ ಥ್ರಿಲ್ ಎಲ್ಲಿಂದ ಬರುತ್ತೆ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಅಲ್ರೀ, ಸೀಕ್ವೆಲ್ ಅಂದ ಕೂಡಲೇ ಒಂದು ಪ್ರಶ್ನೆ ಸತ್ತುಹೋಗಿರುತ್ತೆ. ಹೀರೋ ಬದುಕ್ತಾನಾ? ಬದುಕ್ತಾನೆ. ಅದರ ಮುಂದಿನ ಭಾಗಕ್ಕೂ ಡೇಟ್ಸ್ ಕೊಟ್ಟಾಗಿದೆ ಅಂತ ಪೇಪರಲ್ಲೇ ಓದಿರ್ತೀವಿ. 1962ರಲ್ಲಿ ತೆರೆಗೆ ಬಂದ ಬಾಂಡ್ ಮಹಾಶಯ ಸಾಯೋಕೆ 2021 ಆಗಬೇಕಾಯ್ತು, ಅದೂ ಇಪ್ಪತ್ತೈದನೇ ಸಿನಿಮಾದಲ್ಲಿ. ಹೀಗಿರುವಾಗ ಒಂದು ಊರು ಹಾರಿಸೋ ಬಾಂಬ್ ಬದಲು ಮೂರು ಊರು ಹಾರಿಸೋ ಬಾಂಬ್ ಇಟ್ಟರೆ ನಮ್ಮ ಎದೆ ಮೂರು ಪಟ್ಟು ಹೊಡ್ಕೊಳ್ಳುತ್ತಾ? ಊರೂ ಉಳಿಯುತ್ತೆ, ಹೀರೋನೂ ಉಳೀತಾನೆ. ನಮಗೆ ಬಾಕಿ ಉಳಿಯೋದು 'ಹೇಗೆ' ಅನ್ನೋದೊಂದೇ. ಆ 'ಹೇಗೆ'ಗೆ ಜೀವ ಬರೋದು ಹೀರೋ ನಂಬಿಕೊಂಡ ಸಾಮಾನು ಕೈಕೊಟ್ಟಾಗ ಮಾತ್ರ.

2011ರ 'ಮಿಷನ್: ಇಂಪಾಸಿಬಲ್ – ಘೋಸ್ಟ್ ಪ್ರೋಟೋಕಾಲ್' ತಗೊಳ್ಳಿ. ಆ ಸಿನಿಮಾ ಮಾತು ಬಂದ್ರೆ ಎಲ್ಲರೂ ಬುರ್ಜ್ ಖಲೀಫಾದ ಎತ್ತರ ಹೇಳ್ತಾರೆ, 828 ಮೀಟರ್ ಅಂತ. ಎತ್ತರ ಗೂಗಲ್‌ನಲ್ಲೂ ಸಿಗುತ್ತೆ ಸ್ವಾಮಿ. ಹೀರೋ ಈಥನ್ ಹಂಟ್ ಆ ಕಟ್ಟಡದ ಗಾಜಿನ ಗೋಡೆಯನ್ನ ಹೊರಗಿಂದ ಹತ್ತೋ ಸೀನ್‌ನಲ್ಲಿ ಕೆಲಸ ಮಾಡಿರೋದು ಕೈಗವಸು. ಸರ್ವರ್ ರೂಮ್ ಹನ್ನೊಂದು ಮಹಡಿ ಮೇಲೆ, ಏಳು ಯೂನಿಟ್ ಆಚೆ ಅಂತ ಅವನ ತಂಡದ ಬೆಂಜಿ ಮೊದಲೇ ಹೇಳಿಬಿಡ್ತಾನೆ. ಅಲ್ಲಿಗೆ ನಮ್ಮ ತಲೇಲಿ ನಕ್ಷೆ ರೆಡಿ. ಗಾಜಿಗೆ ಅಂಟೋ ಕೈಗವಸು, ದೀಪ ನೀಲಿ ಇದ್ರೆ ಅಂಟುತ್ತೆ, ಕೆಂಪಾದ್ರೆ ಹೆಣ. ಇದನ್ನೂ ಹತ್ತೋಕೆ ಮೊದಲೇ ಹೇಳ್ತಾನೆ. ಕೈಗವಸು ಮೊದಲು ಸರಿಯಾಗಿ ಕೆಲಸ ಮಾಡುತ್ತೆ, ನಮಗೂ ಸ್ವಲ್ಪ ಉಸಿರು ಬರುತ್ತೆ. ಆಮೇಲೆ ಅರ್ಧ ದಾರೀಲಿ ಒಂದು ಕೈಯ ಗವಸು ಕೆಡುತ್ತೆ. ಮೇಲೆ ಹೋಗೋ ದಾರಿ ಇನ್ನೂ ಉಳಿದಿದೆ, ಇರೋದು ಒಂದೇ ಕೈ. ವಾಪಸ್ ಇಳಿಯೋಕೆ ನೋಡಿದ್ರೆ ಹಗ್ಗ ಸಾಲಲ್ಲ. ದೂರದಲ್ಲಿ ಮರಳಿನ ಬಿರುಗಾಳಿ ಬೇರೆ.

ಇಷ್ಟಾದ್ಮೇಲೂ ಬಿಡಲ್ಲ ಅವರು. ಮುಖವಾಡ ಮಾಡೋ ಯಂತ್ರ ಕೆಟ್ಟು ಕೂರುತ್ತೆ. ಸೀಕ್ವೆಲ್ ಅನ್ನೋದರ ನಿಜವಾದ ಲಾಭ ಇಲ್ಲಿ ಗೊತ್ತಾಗುತ್ತೆ. 1996ರ ಮೊದಲ ಚಿತ್ರದಿಂದಲೂ ಮುಖವಾಡ ಕಿತ್ತು ಬೇರೆ ಮುಖ ತೋರಿಸೋದು ಆ ಸರಣಿಯ ಮನೆದೇವರು. ಮೂರು ಸಿನಿಮಾ ನೋಡಿದ ಪ್ರೇಕ್ಷಕ 'ಹೆಂಗಿದ್ರೂ ಮುಖವಾಡ ಇದೆಯಲ್ಲ' ಅಂತ ಕಾಲು ಚಾಚಿ ಕೂತಿರ್ತಾನೆ. ಅವನ ಕಾಲಡಿಯ ಚಾಪೆ ಎಳೀತಾರೆ. ಈಗ ಒಂದೇ ಹೊತ್ತಿಗೆ ಎರಡು ಕೋಣೇಲಿ ಎರಡು ನಕಲಿ ಮಾತುಕತೆ, ಅದೂ ಬರೀ ಮುಖದಲ್ಲಿ. ಅದೇ ಸಿನಿಮಾದಲ್ಲಿ, ತಾನಾಗೇ ನಾಶವಾಗಬೇಕಿದ್ದ ಸಂದೇಶ ಮಾಸ್ಕೋದ ಫೋನ್ ಬೂತ್‌ನಲ್ಲಿ ನಾಶವಾಗದೇ ಕೂತು, ಈಥನ್ ಹಂಟ್ ವಾಪಸ್ ಬಂದು ಅದಕ್ಕೊಂದು ಗುದ್ದಬೇಕಾಗುತ್ತೆ. ಹಳೇ ಟಿವಿಗೆ ನಾವು ಗುದ್ದುತಿದ್ದ ಹಾಗೆ! ನಗುನೂ ಬರುತ್ತೆ, ಜೊತೆಗೆ 'ಈ ಸಲ ಯಾವ ಸಾಮಾನನ್ನೂ ನಂಬೋ ಹಾಗಿಲ್ಲ' ಅನ್ನೋ ಅಳುಕೂ ಕೂತ್ಕೊಳ್ಳುತ್ತೆ.

ಕೆಡಿಸೋದರಲ್ಲೂ ಕ್ರಮ ಇದೆ. ಸಾಮಾನು ಮೊದಲು ಒಂದ್ಸಲ ಸರಿಯಾಗಿ ಓಡಬೇಕು. ಅದರ ಮಿತಿ ಏನು ಅಂತ ಒಂದು ಸಾಲಲ್ಲಿ ನಮಗೆ ತಿಳೀಬೇಕು. ಆಮೇಲೆ ಕೆಡಬೇಕು, ಅದೂ ವಾಪಸ್ ಹೋಗೋಕಾಗದ ಜಾಗದಲ್ಲಿ. ಶುರುವಲ್ಲೇ ಕೆಟ್ಟರೆ ನಮಗೆ ನಂಬಿಕೆ ಹುಟ್ಟಿರಲ್ಲ, ನಷ್ಟ ಅನ್ನಿಸಲ್ಲ. ಕೊನೇ ಹತ್ತು ಸೆಕೆಂಡಲ್ಲಿ ಕೆಟ್ಟರೆ ನಿರ್ದೇಶಕ ಕಿಸೆಯಿಂದ ತೆಗೆದು ಇಟ್ಟ ಹಾಗಿರುತ್ತೆ. ಇನ್ನೊಂದು ತಪ್ಪು, ನಮ್ಮ ಕಡೆ ಬಹಳ ನಡೆಯೋದು: ಕೆಟ್ಟ ಸಾಮಾನು ಎರಡು ನಿಮಿಷ ಬಿಟ್ಟು ತಾನಾಗೇ ಸರಿಹೋಗೋದು. ಅಯ್ಯೋ, ಹಾಗಾದ್ರೆ ಕೆಡಿಸಿದ್ದಾದ್ರೂ ಯಾಕಪ್ಪಾ?

ಅದೇ ಸರಣಿಯ 2018ರ 'ಫಾಲ್ಔಟ್' ಇದೇ ಲೆಕ್ಕವನ್ನ ಇನ್ನೂ ಕ್ರೂರವಾಗಿ ಮಾಡುತ್ತೆ. ಪ್ಯಾರಿಸ್‌ನ ಬಾತ್‌ರೂಮ್ ಹೊಡೆದಾಟ ಎಲ್ಲರಿಗೂ ನೆನಪಿದೆ. ಅಲ್ಲಿ ಯೋಜನೆ ಏನಿತ್ತು ಅನ್ನೋದು ಮಾತ್ರ ಯಾರಿಗೂ ನೆನಪಿಲ್ಲ. ಹಂಟ್ ಕಡೆಯವರು ಬೆನ್ನು ಹತ್ತಿದ ಮನುಷ್ಯನಿಗೆ ಪ್ರಜ್ಞೆ ತಪ್ಪಿಸಿ, ಅವನ ಮುಖದ ಅಚ್ಚು ತೆಗೆದು, ಮುಖವಾಡ ಹಾಕ್ಕೊಂಡು ಹೋಗೋದು. ಅವನೋ ಇಬ್ಬರು ಗಟ್ಟಿ ಆಳುಗಳನ್ನ ಸಿಂಕು, ಕನ್ನಡಿ, ಪೈಪು ಅಂತ ನೋಡದೆ ಬಡೀತಾನೆ. ಹಿನ್ನೆಲೆ ಸಂಗೀತ ಇಲ್ಲ, ಬರೀ ಏದುಸಿರು, ಟೈಲ್ಸ್ ಒಡೆಯೋ ಸದ್ದು. ಕೊನೆಗೆ ಹಂಟ್ ಪರಿಚಯದ ಗೂಢಚಾರಿಣಿ ಇಲ್ಸಾ ಬಂದು ಗುಂಡು ಹೊಡೀತಾಳೆ, ಎಲ್ಲಿಗೆ? ಮುಖಕ್ಕೆ. ಅಚ್ಚು ತೆಗೆಯೋಕೆ ಮುಖವೇ ಇಲ್ಲ. ಜೀವ ಉಳಿಸಿದ ಗುಂಡೇ ಯೋಜನೆಯನ್ನೂ ಕೊಂದಿತು. ಇಡೀ ಹೊಡೆದಾಟದಲ್ಲಿ ಒಂದು ಸ್ಫೋಟ ಇಲ್ಲ, ನಡೆದಿದ್ದು ಒಂದು ಶೌಚಾಲಯದಲ್ಲಿ. ಹತ್ತು ಪಟ್ಟು ದೊಡ್ಡದಂತೆ!

ಆ ಸಿನಿಮಾದ ಮೂಲ ತೊಂದರೆ ಕೂಡ ನೋಡಿ. ಬರ್ಲಿನ್‌ನಲ್ಲಿ ಗೆಳೆಯ ಲೂಥರ್‌ನ ಜೀವ ಉಳಿಸೋಕೆ ಹೋಗಿ ಹಂಟ್ ಅಣುಬಾಂಬಿಗೆ ಬೇಕಾದ ಮೂರು ಪ್ಲುಟೋನಿಯಂ ಉಂಡೆ ಕಳ್ಕೋತಾನೆ. ಮುಂದಿನ ಎರಡು ಗಂಟೆ ಆ ಒಂದು ಕ್ಷಣದ ಸಾಲ ತೀರಿಸೋದೇ. ಬಾಂಬ್ ದೊಡ್ಡದು ಅಂತ ಅಲ್ಲ, ಅದು ಇವನ ತಪ್ಪಿಂದ ಹೋಯ್ತು ಅಂತ ನಮಗೆ ಸಂಕಟ.

ಈಗ ಒಬ್ಬರು ಬರ್ತಾರೆ, ಗೊತ್ತು ನಂಗೆ. "ಅದೆಲ್ಲ ಬಿಡಿ, ಟಾಮ್ ಕ್ರೂಸ್ ನಿಜವಾಗ್ಲೂ ಜಿಗೀತಾನೆ, ಅದಕ್ಕೇ ಥ್ರಿಲ್." ಜಿಗೀತಾನೆ, ಇಲ್ಲ ಅಂದವರು ಯಾರು? 'ಫಾಲ್ಔಟ್'ನ ಪ್ಯಾರಾಚೂಟ್ ಸೀನ್‌ಗೆ ಅಬುಧಾಬಿಯಲ್ಲಿ ಸಿ-17 ವಿಮಾನದಿಂದ ನೂರಕ್ಕೂ ಹೆಚ್ಚು ಸಲ ಹಾರಿದ್ದಾನೆ, 25,000 ಅಡಿಯಿಂದ. ಮುಸ್ಸಂಜೆಯ ಬೆಳಕು ಸಿಗೋದು ದಿನಕ್ಕೆ ಮೂರೇ ನಿಮಿಷ, ಹಾಗಾಗಿ ದಿನಕ್ಕೊಂದೇ ಟೇಕ್. ಕ್ಯಾಮೆರಾ ಹೊತ್ತ ಕ್ರೇಗ್ ಒಬ್ರಿಯನ್ ಹೆಲ್ಮೆಟ್ ಮೇಲೆ ಕ್ಯಾಮೆರಾ ಕಟ್ಕೊಂಡು ಹಿಮ್ಮುಖವಾಗಿ ಹಾರ್ತಿದ್ದ. ಕ್ರೂಸ್‌ಗೆ ಒಳಗೇ ದೀಪ ಇರೋ ಬೇರೇನೇ ಹೆಲ್ಮೆಟ್ ಮಾಡಿಸಿದ್ರು. ಯಾಕೆ? ಮುಖ ಕಾಣಬೇಕು. ಮುಖ ಕಾಣದಿದ್ರೆ ಅಷ್ಟೂ ಹಾರಾಟ ಯಾವನೋ ಡೂಪ್‌ನ ಖಾತೆಗೆ ಹೋಗ್ತಿತ್ತು. ಆದ್ರೆ ಇಷ್ಟೆಲ್ಲ ಮಾಡಿದ್ಮೇಲೂ ಸೀನ್‌ನ ಎದೆಬಡಿತ ಯಾವುದು? ಜೊತೆಗೆ ಹಾರಿದವನು ಪ್ರಜ್ಞೆ ತಪ್ತಾನೆ, ಅವನ ಆಮ್ಲಜನಕ ಹೋಗಿದೆ, ಹಂಟ್ ಗಾಳೀಲಿ ಅವನನ್ನ ಹಿಡಿದು ತನ್ನ ಸಿಲಿಂಡರ್ ಕೊಡಬೇಕು, ನೆಲ ಮೇಲೆ ಬರ್ತಿದೆ. ಮತ್ತೆ ಅದೇ. ಸಾಮಾನು ಕೆಟ್ಟಿತು.

ಇದಕ್ಕೆ ಉಲ್ಟಾ ಉದಾಹರಣೆ ಅದೇ ಸರಣಿಯ 2023ರ 'ಡೆಡ್ ರೆಕನಿಂಗ್'. ಬೈಕಲ್ಲಿ ನಾರ್ವೆಯ ಬಂಡೆಯಿಂದ ಹಾರಿದ್ದನ್ನ ಬಿಡುಗಡೆಗೆ ತಿಂಗಳುಗಟ್ಟಲೆ ಮುಂಚೆನೇ ಮೇಕಿಂಗ್ ವಿಡಿಯೋ ಹಾಕಿ ತೋರಿಸಿಬಿಟ್ರು. ಥಿಯೇಟರ್‌ನಲ್ಲಿ ಆ ಜಿಗಿತ ಬಂದಾಗ ಅಚ್ಚರಿ ಎಲ್ಲಿಂದ ಬರಬೇಕು? ಅಲ್ಲಿ ಮಜಾ ಕೊಟ್ಟಿದ್ದು ಫೋನಲ್ಲಿ ಬೆಂಜಿ ಜೊತೆ ಜಗಳ, ಆಮೇಲೆ ರೈಲಿನ ಕಿಟಕಿ ಒಡ್ಕೊಂಡು ಧೊಪ್ ಅಂತ ಬೀಳೋದು.

ಎಡಿಟಿಂಗ್ ವಿಚಾರಕ್ಕೆ ಬಂದ್ರೆ ನಂಗೆ ತಲೆ ಕೆಡುತ್ತೆ. ಸೆಕೆಂಡಿಗೆ 24 ಫ್ರೇಮ್. ಕಟ್ ಆದಾಗ ನಾವು ನೋಡ್ತಿದ್ದ ಜಾಗದಿಂದ ಮುಖ್ಯ ವಸ್ತು ತೆರೆಯ ಇನ್ನೊಂದು ಮೂಲೆಗೆ ಹೋದ್ರೆ ಕಣ್ಣು ಅಲ್ಲಿಗೆ ಹೊರಡೋಕೇ ಸೆಕೆಂಡಿನ ಐದನೇ ಒಂದು ಭಾಗ ಬೇಕು, ಅಂದ್ರೆ ಸುಮಾರು ಐದು ಫ್ರೇಮ್. ಶಾಟ್ ಇರೋದೇ ಹದಿನೈದು ಫ್ರೇಮ್ ಅಂದ್ಕೊಳ್ಳಿ, ಮೂರನೇ ಒಂದು ಭಾಗ ಹುಡುಕಾಟಕ್ಕೇ ಹೋಯ್ತು. ಹೀಗೆ ನಲವತ್ತು ಶಾಟ್ ಸಾಲಾಗಿ ಬಂದ್ರೆ ಅದು ಥ್ರಿಲ್ ಅಲ್ಲ, ತಲೆನೋವು. 2008ರ 'ಕ್ವಾಂಟಮ್ ಆಫ್ ಸೊಲೇಸ್' ಶುರುವಿನ ಕಾರ್ ಚೇಸ್ ನೋಡಿ, ಬಾಂಡ್ ಕಾರು ಯಾವುದು, ಅಟ್ಟಿಸಿಕೊಂಡು ಬರೋದು ಯಾವುದು, ಮೂರು ಸಲ ನೋಡಿದ್ರೂ ನಂಗೆ ಗೊಂದಲ. ಅದರ ಹಿಂದಿನ 'ಕ್ಯಾಸಿನೋ ರಾಯಲ್'ನಲ್ಲಿ (2006) ಚೇಸ್ ಶುರುವಾಗೋಕೆ ಮೊದಲೇ ಮುಗಿದುಹೋಗುತ್ತೆ: ರಸ್ತೆ ಮಧ್ಯೆ ಕಟ್ಟಿ ಮಲಗಿಸಿದ ಬಾಂಡ್‌ನ ಪ್ರೇಯಸಿ ವೆಸ್ಪರ್, ಬಾಂಡ್ ಸ್ಟೀರಿಂಗ್ ತಿರುಗಿಸ್ತಾನೆ, ಆಸ್ಟನ್ ಮಾರ್ಟಿನ್ ಉರುಳುತ್ತೆ. ಆ ಕಾರು ತಗ್ಗಾಗಿದ್ದು ರ‍್ಯಾಂಪ್ ಮೇಲೆ ಪಲ್ಟಿನೇ ಹೊಡೀತಿರಲಿಲ್ಲ, ಕೊನೆಗೆ ನೈಟ್ರೋಜನ್ ಫಿರಂಗಿ ಕೂರಿಸಿ ಏಳು ಸುತ್ತು ಉರುಳಿಸಿದ್ರು, ಗಿನ್ನೆಸ್ ದಾಖಲೆ ಆಯ್ತು. ಒಂದೇ ಕಾರಿನ ಪಲ್ಟಿ, ನೆಟ್ಟಗೆ ಕಾಣೋ ಹಾಗೆ. ಇಷ್ಟು ವರ್ಷ ಆದ್ರೂ ಮಾತಾಡ್ತಿದ್ದೀವಿ.

"ಹಾಗಾದ್ರೆ ಗೂಢಚಾರಿ ಜೇಸನ್ ಬೋರ್ನ್ ಸಿನಿಮಾಗಳು?" ಅಂತೀರಿ. ಅಲ್ಲೂ ಕ್ಯಾಮೆರಾ ಅಲುಗಾಡುತ್ತೆ, ನಿಜ. ಆದ್ರೆ 2007ರ 'ದ ಬೋರ್ನ್ ಅಲ್ಟಿಮೇಟಮ್' ವಾಟರ್ಲೂ ಸ್ಟೇಷನ್ ಸೀನ್‌ನಲ್ಲಿ ದಾರಿ ತೋರಿಸೋದು ಕ್ಯಾಮೆರಾ ಅಲ್ಲ, ಬೋರ್ನ್ ದನಿ. ಪತ್ರಕರ್ತನ ಜೇಬಿಗೆ ಒಂದು ಮೊಬೈಲ್ ಇಳಿಬಿಟ್ಟು, ಈಗ ನಡಿ, ಈಗ ಬಗ್ಗಿ ಶೂ ಲೇಸ್ ಕಟ್ಟು ಅಂತ ಹೇಳ್ತಾ ಹೋಗ್ತಾನೆ. ಕಣ್ಣು ತಪ್ಪಿದ್ರೂ ಕಿವಿ ದಾರಿ ತಪ್ಪಲ್ಲ. ಇಲ್ಲಿ ಕೆಡೋ ಸಾಮಾನು ಆ ಪತ್ರಕರ್ತನ ಧೈರ್ಯ. ಹೆದರಿ ತಾನಾಗೇ ಹೊರಟ, ಸತ್ತ. ಇನ್ನೊಂದು ಚಮತ್ಕಾರ ಆ ಸಿನಿಮಾದ್ದು: ಹಿಂದಿನ ಭಾಗದ ಕೊನೇ ಫೋನ್ ಕರೆ ಇದರ ಮಧ್ಯೆ ಮತ್ತೆ ಬರುತ್ತೆ. 2004ರಲ್ಲಿ ಸಿಐಎ ಅಧಿಕಾರಿ ಪ್ಯಾಮೆಲಾ ಲ್ಯಾಂಡಿ ಬೋರ್ನ್‌ಗೆ ಅವನ ಹುಟ್ಟಿದ ದಿನ ಹೇಳಿದ್ದು ಸುಮ್ಮನೆ ಒಂದು ಕರುಣೆ ಅನ್ಕೊಂಡಿದ್ವಿ, 4-15-71. ಮೂರು ವರ್ಷ ಬಿಟ್ಟು ನೋಡಿದ್ರೆ ಅದು ವಿಳಾಸ, 71ನೇ ರಸ್ತೆಯ 415ನೇ ನಂಬರ್! ಸ್ಫೋಟಕ್ಕೆ ಖರ್ಚು ಮಾಡೋ ದುಡ್ಡಲ್ಲಿ ಇಂಥ ಒಂದು ಯೋಚನೆಗೆ ಬರಹಗಾರನಿಗೆ ಸಂಬಳ ಕೊಡಿ ಅನ್ನಿಸುತ್ತೆ.

ನಮ್ಮ ಹಿಂದಿಯವರ ಹೊಸ ಉಪಾಯ ಬೇರೆ: ಒಬ್ಬ ಹೀರೋ ಸಿನಿಮಾಕ್ಕೆ ಇನ್ನೊಬ್ಬ ಹೀರೋ ಬರೋದು. 'ಪಠಾಣ್'ಗೆ ಟೈಗರ್ ಬಂದ, 'ಟೈಗರ್ 3'ಗೆ ಪಠಾಣ್ ಬಂದ, ಎರಡೂ 2023ರಲ್ಲೇ. ಎಂಟ್ರಿಗೆ ನಾನೂ ಶಿಳ್ಳೆ ಹೊಡೆದೆ, ಒಪ್ಕೋತೀನಿ, ಸುಳ್ಳು ಯಾಕೆ? ಆದ್ರೆ ಶಿಳ್ಳೆ ನಿಂತ ಮರುಕ್ಷಣ ಲೆಕ್ಕ ಹಾಕಿ: ಸಾಯದಿರೋ ಒಬ್ಬನ ಪಕ್ಕ ಸಾಯದಿರೋ ಇನ್ನೊಬ್ಬ ಬಂದು ನಿಂತ. ಅಪಾಯ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?

"ದುಡ್ಡು ಮಾಡುತ್ತಲ್ಲ ಸಾರ್" ಅನ್ನೋದು ಕೊನೇ ಅಸ್ತ್ರ. 2002ರ 'ಡೈ ಅನದರ್ ಡೇ' ಕೂಡ ಚೆನ್ನಾಗೇ ದುಡ್ಡು ಮಾಡಿತ್ತು. ಮಾಯವಾಗೋ ಕಾರು, ಗ್ರಾಫಿಕ್ಸ್ ಅಲೆ ಮೇಲೆ ಜಾರೋ ಬಾಂಡ್. ಆಮೇಲೆ ನಿರ್ಮಾಪಕರೇ ನಾಚಿ ಎಲ್ಲ ಕೆಡವಿ, ಇಸ್ಪೀಟ್ ಆಡೋ ಬಾಂಡ್‌ನ ತಂದ್ರು. ಅದು ಇದಕ್ಕಿಂತ ಜಾಸ್ತಿ ಗಳಿಸಿತು. ಮುಂದೆ ಹೇಳಿ.

ಅಂದ ಹಾಗೆ, ಇದೆಲ್ಲ ಹೊರಗಿನವರ ಕಥೆ ಅಂತ ಮೂಗು ಮುರಿಯೋರಿಗೆ: ದೊರೆ–ಭಗವಾನ್ ಜೋಡಿ 1968ರಲ್ಲೇ 'ಜೇಡರ ಬಲೆ' ಮಾಡಿ, ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮರುವರ್ಷ ಜಾಕ್‌ಪಾಟ್, 1978ರಲ್ಲಿ ಡೈಮಂಡ್ ರಾಕೆಟ್ ಅಂತ ಅಣ್ಣಾವ್ರನ್ನ ಹಾಕ್ಕೊಂಡು ನಾಲ್ಕು ಗೂಢಚಾರಿ ಸಿನಿಮಾ ಕೊಟ್ಟವರು. ಸರಣಿ ಅನ್ನೋದು ನಮಗೆ ಹೊಸದಲ್ಲ.

ಸಂಗೀತದ ಬಗ್ಗೆ ಒಂದೇ ಮಾತು. ಸಂಗೀತಗಾರ ಲಾಲೋ ಶಿಫ್ರಿನ್ ಮಾಡಿದ 'ಮಿಷನ್: ಇಂಪಾಸಿಬಲ್' ಧ್ವನಿ ಐದರ ಲೆಕ್ಕದಲ್ಲಿದೆ, ನಮ್ಮ ಖಂಡ ನಡೆ (ಐದೆಣಿಕೆಯ ತಾಳ) ಬಲ್ಲವರಿಗೆ ಕೂಡಲೇ ಕೈ ಓಡುತ್ತೆ, ಅರ್ಧರ್ಧ ಎಣಿಸಿದ್ರೆ ಹತ್ತು: ಮೂರು, ಮೂರು, ಎರಡು, ಎರಡು. ನಾಲ್ಕಕ್ಕೆ ಒಗ್ಗಿದ ಮೈ ಅದರ ಮೇಲೆ ಕಾಲೂರಿ ನಿಲ್ಲೋಕಾಗಲ್ಲ. ಟೀಸರ್‌ನವರು ಅದರ ಬದಲು ಎರಡು ಸೆಕೆಂಡಿಗೊಂದ್ಸಲ 'ಢಮ್' ಹಾಕಿದ್ದಾರೆ.

ಆ ಟೀಸರ್‌ನಲ್ಲಿ ಒಂದೇ ಒಂದು ಶಾಟ್ ಆಸೆ ಹುಟ್ಟಿಸಿತ್ತು. 58ನೇ ಸೆಕೆಂಡಿಗೆ ಹೀರೋ ಗೋಡೆಗೆ ಒರಗಿ ಪಿಸ್ತೂಲಿನ ಮ್ಯಾಗಜಿನ್ ಎಳೆದು ನೋಡ್ತಾನೆ, ಖಾಲಿ. ಆಹಾ ಅಂತ ನೆಟ್ಟಗೆ ಕೂತೆ. ಮುಂದಿನ ಶಾಟ್‌ನಲ್ಲಿ ಎದ್ದು ಬಂದು ಅದೇ ಪಿಸ್ತೂಲಿಂದ ಒಂಬತ್ತು ಜನರನ್ನ ಹೊಡೆದ.