ವಾಟರ್ ಪಂಪ್: 60,000 ಕಿ.ಮೀ. ಆದ ಕೂಡಲೇ ಬದಲಿಸಲೇಬೇಕಾ?

ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಸೆಕೆಂಡ್ ಹ್ಯಾಂಡ್ ಕಾರು ಯಾವುದೇ ಇರಲಿ, 60,000 ಕಿ.ಮೀ. ದಾಟಿದರೆ ವಾಟರ್ ಪಂಪ್ (ಇಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟನ್ನು ಓಡಿಸುವ ಪಂಪ್) ಬದಲಿಸಲೇಬೇಕು, ಇಲ್ಲದಿದ್ದರೆ ಊರಿಗೆ ಹೋಗುವಾಗ ಸಾತಾರಾ ದಾರಿಯ ಖಂಬಾಟ್ಕಿ ಘಾಟಿನಲ್ಲಿ ಇಂಜಿನ್ ಸೀಜ್ ಆಗುತ್ತದಂತೆ. ಇದು ಪೂರ್ತಿ ಸರಿಯಲ್ಲ.

ಎಲ್ಲ ಕಾರಿಗೂ ಒಂದೇ ಲೆಕ್ಕ ಇಲ್ಲ. ಕೆಲವು ಇಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ ವಾಲ್ವ್‌ಗಳು ಸರಿಯಾದ ಸಮಯಕ್ಕೆ ತೆರೆದು ಮುಚ್ಚುವಂತೆ ಮಾಡುವ ಬೆಲ್ಟ್. ಅಂಥ ಕಾರಿನಲ್ಲಿ ಬೆಲ್ಟ್ ಬದಲಿಸುವಾಗ ಪಂಪನ್ನೂ ಹೊಸದು ಹಾಕಿಸಿಬಿಡಿ. ಎರಡಕ್ಕೂ ಬಿಚ್ಚುವ ಕೆಲಸ ಹೆಚ್ಚುಕಮ್ಮಿ ಒಂದೇ, ಕೂಲಿ ಉಳಿಯುತ್ತದೆ. ಪಂಪ್ ಜಾಮ್ ಆಗಿ ಬೆಲ್ಟ್ ಹರಿದರೆ ವಾಲ್ವ್‌ಗಳೂ ಬಾಗಬಹುದು, ಆ ಖರ್ಚು ಬಹಳ ಜಾಸ್ತಿ. ಹಳೇ ಮಾಲೀಕರ ಹತ್ತಿರ ಬೆಲ್ಟ್ ಬದಲಿಸಿದ ಬಿಲ್ ಇಲ್ವಾ? ಹಾಗಾದ್ರೆ ಬದಲಿಸಿಲ್ಲ ಅಂತಲೇ ತಿಳಿಯಿರಿ. ಎಷ್ಟು ಕಿಲೋಮೀಟರಿಗೆ ಅನ್ನುವುದು ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ.

ಟೈಮಿಂಗ್ ಬೆಲ್ಟಿನ ಬದಲು ಟೈಮಿಂಗ್ ಚೈನ್ ಇದ್ದು, ಪಂಪ್ ಹೊರಗಿನ ಬೆಲ್ಟಿನಿಂದ ತಿರುಗುವ ಕಾರಾದರೆ ಚೆನ್ನಾಗಿರುವ ಪಂಪನ್ನು ಸುಮ್ನೆ ಕಿತ್ತು ಹಾಕಬೇಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿ. ಪಂಪಿನ ಮೈಯಲ್ಲಿ ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ಕೂಲಂಟ್ ಅಲ್ಲಿಂದ ಜಿನುಗಿ, ಒಣಗಿ, ಉಪ್ಪಿನ ಹಾಗೆ ಬಿಳಿಯಾಗಿಯೋ ಹಸಿರಾಗಿಯೋ ಕಟ್ಟಿಕೊಂಡಿರುತ್ತದೆ. ಪಂಪಿನ ಪುಲ್ಲಿಯನ್ನು (ಬೆಲ್ಟ್ ಸುತ್ತುವ ಚಕ್ರ) ಕೈಯಿಂದ ಅಲುಗಿಸಿ. ಅಲ್ಲಾಡಿದರೆ ಬೇರಿಂಗ್ ಸವೆದಿದೆ. ಆಗ ಕಿಲೋಮೀಟರ್ ಎಷ್ಟೇ ಇರಲಿ, ಬದಲಿಸಿ.

ಇಂಜಿನ್ ಬಿಸಿಯಾದರೆ ತಪ್ಪು ಪಂಪಿನದೇ ಅಂತಲೂ ಅಲ್ಲ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟ್ ಹರಿಯಲು ಬಿಡುವ ಭಾಗ), ಫ್ಯಾನ್ ಮೊದಲು ನೋಡಿಸಿ. ಘಾಟಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ, ದಯವಿಟ್ಟು.